ಪ್ರಸ್ಥಾನದ ಬುಟ್ಟಿ

ಮನೆ ಬದಲಾಯಿಸುವಾಗ ಹನುಮಂತರಾಯರ ಪಾಲಿಗೆ ಬರುತ್ತಿದ್ದ ಕೆಲಸ ಒಂದೇ, ಪಂಚಾಂಗ ತಿರುವುವುದು. ಉಳಿದದ್ದಕ್ಕೆಲ್ಲ ಹೆಂಡತಿ ಯಮುನಾಬಾಯಿ ಇದ್ದಳಲ್ಲ! ಹಿಮಾಯತ್‌ನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷದಿಂದ ಸೇರಿಕೊಂಡ ಡಬ್ಬಿ, ಭರಣಿ, ಹಾಸಿಗೆಗಳನ್ನು ಕಟ್ಟಿ ಕಟ್ಟಿ ಅವಳ ಸೊಂಟ ಬಿದ್ದುಹೋಗಿತ್ತು. ಶುಕ್ರವಾರ ಲಾರಿ ಬರುವುದಿತ್ತು, ಅಮೀರ್‌ಪೇಟೆಯ ಹೊಸ ಮನೆಗೆ.

ಇಷ್ಟರ ನಡುವೆ ಬೆಕ್ಕಿನ ಜಗಳ ಬೇರೆ. ಅವಳು ಸಾಕಿದ ಚಿಂಗಿ ಆರು ದಿನದ ಹಿಂದಷ್ಟೇ ಮೂರು ಮರಿ ಹಾಕಿತ್ತು.

"ಹೊಸಾ ಮನಿಗೆ ಬೆಕ್ಕು ಬರಂಗಿಲ್ಲ," ಎಂದು ರಾಯರು ತೀರ್ಪು ಕೊಟ್ಟುಬಿಟ್ಟಿದ್ದರು. "ಹೊಂಟಾಗ ಅಡ್ಡ ಬಂದ್ರನ ಅಪಶಕುನ. ಅಂಥಾದ್ದನ್ನ ಕಟಗೊಂಡ ಹೋಗಬೇಕೇನು?"

"ಕಣ್ಣು ಬಿಡಲಾರದ ಮರಿಗಳನ್ನ ಖಾಲಿ ಮನ್ಯಾಗ ಬಿಟ್ಟು ಹೋಗೂದು ಭಾಳ ಶುಭಶಕುನ ಏನ್ರಿ?"

ಯಮುನಾಬಾಯಿ ಅತ್ತಳು, ಮುನಿಸಿಕೊಂಡಳು, ಎರಡು ದಿನ ಉಪ್ಪಿಲ್ಲದ ಸಾರು ಬಡಿಸಿ ನೋಡಿದಳು. ಮಹಾರಾಯ ಅದನ್ನೂ ಸದ್ದಿಲ್ಲದೆ ಉಂಡೆದ್ದ! ಇಂಥವರ ಕೂಡ ಏನು ಜಗಳ ಆಡುವುದು?

ಆಮೇಲೆ ನೋಡಿದರೆ ಶುಕ್ರವಾರವೇ ಚೆನ್ನಾಗಿಲ್ಲವಂತೆ. ಲಾರಿಯವನು ಬೇರೆ ದಿನಕ್ಕೆ ಒಪ್ಪಲಿಲ್ಲ. ಸರಿ, ರಾಯರು ತಮ್ಮಪ್ಪ ಮಾಡುತ್ತಿದ್ದಂತೆ ಪ್ರಸ್ಥಾನ ಇಡಲು ಹೊರಟರು. ಒಳ್ಳೆಯ ಮುಹೂರ್ತದಲ್ಲಿ ಒಂದು ಗಂಟನ್ನು ನೆರೆಮನೆಗೆ ದಾಟಿಸಿಬಿಟ್ಟರೆ ಪ್ರಯಾಣ ಶುರುವಾದಂತೆ. ಮನುಷ್ಯರು ಆಮೇಲೆ ಯಾವತ್ತು ಹೊರಟರೂ ದೋಷವಿಲ್ಲ. ಮಂಗಳವಾರ ಸಂಜೆಯೇ ಬುಟ್ಟಿಗೆ ಅಕ್ಕಿ, ಅಡಿಕೆ, ಮೇಲೆ ತಮ್ಮ ಮೆತ್ತನೆಯ ಧೋತರ ಇಟ್ಟರು. ಬುಧವಾರ ಬೆಳಗ್ಗೆ ಮುಹೂರ್ತ ಮೀರುತ್ತದೆಂದು ಓಡೋಡಿ ಹೋಗಿ ಅದನ್ನು ಎದುರುಮನೆಯ ಶಿವದೇವಿಯ ಪಡಸಾಲೆಯಲ್ಲಿ ಇಟ್ಟು ಬಂದರು.

ಸ್ವಲ್ಪ ಹೊತ್ತಿಗೆ ಚಿಂಗಿ ಮನೆಯೆಲ್ಲ ಒದರುತ್ತ ತಿರುಗತೊಡಗಿತು. ಮರಿಗಳಿದ್ದ ಮೂಲೆ ಬರಿದಾಗಿತ್ತು. ಯಮುನಾಬಾಯಿ ಕಟ್ಟಿದ ಗಂಟುಗಳನ್ನೆಲ್ಲ ಬಿಚ್ಚಿ ಎಸೆದಳು. ಈ ಮನುಷ್ಯನೇ ಎಲ್ಲಾದರೂ ಬಿಟ್ಟುಬಂದನೋ ಏನೋ ಎಂದು ಗಂಡನ ಮುಖ ನೋಡಿದಳು.

ಅಷ್ಟರಲ್ಲಿ ಎದುರುಮನೆಯಿಂದ ಕೂಗು ಬಂತು. "ಯಮುನಾಬಾಯಾರ, ಲಗೂನ ಬರ್ರಿ! ನಿಮ್ಮ ಪ್ರಸ್ಥಾನ ಅಳಾಕತ್ತೈತಿ!"

ಓಡಿದರು. ಧೋತರದ ಮಡಿಕೆಯಲ್ಲಿ ಮೂರೂ ಮರಿ! ನಸುಕಿನಲ್ಲಿ ಚಿಂಗಿಯೇ ಮೆತ್ತನೆಯ ಜಾಗ ಕಂಡು ಅವನ್ನು ಬುಟ್ಟಿಗೆ ಸಾಗಿಸಿತ್ತು. ಅವಸರದಲ್ಲಿ ರಾಯರು ಬುಟ್ಟಿಯೊಳಗೆ ಇಣುಕಿಯೂ ನೋಡಿರಲಿಲ್ಲ. ಯಮುನಾಬಾಯಿ ಮರಿಗಳನ್ನು ಎತ್ತಲು ಕೈ ಹಾಕಿದಳು.

"ಏ, ಮುಟ್ಟಬ್ಯಾಡ!" ರಾಯರು ಚೀರಿದರು. "ಮುಹೂರ್ತದಾಗ ಬುಟ್ಟಿಯೊಳಗ ಏನೇನು ಹೊಂಟದನೋ, ಅದರಾಗಿಂದ ಒಂದು ಅಕ್ಕಿಕಾಳೂ ಹಿಂದ ಬರಬಾರದು. ಪ್ರಸ್ಥಾನ ಮುರೀತದ!"

ಯಮುನಾಬಾಯಿ ಮೆಲ್ಲಗೆ ಕೈ ಹಿಂದೆಗೆದಳು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಅದನ್ನು ನೋಡಿದ ಮೇಲೆಯೇ ರಾಯರಿಗೆ ತಾವೇನು ಅಂದೆವೆಂದು ಹೊಳೆದದ್ದು.

"ಅಲ್ಲ... ಬೆಕ್ಕಿಂದು ಬ್ಯಾರೆ ಮಾತು," ಎಂದು ತೊದಲಿದರು.

"ಹೆಂಗ ಬ್ಯಾರೆ ಆಕ್ಕತ್ರಿ?" ಎಂದಳು ಶಿವದೇವಿ. "ಹೊಂಟದ್ದು ಹೊಂಟಂಗ."

ಯಮುನಾಬಾಯಿ ಹೋಗಿ ಚಿಂಗಿಯನ್ನು ಎತ್ತಿ ತಂದು ಬುಟ್ಟಿಯ ಪಕ್ಕದಲ್ಲಿ ಬಿಟ್ಟಳು. ಅದು ಒಳಗೆ ಹತ್ತಿ, ಧೋತರದ ಮೇಲೆ ಮೈಚಾಚಿ ಮರಿಗಳಿಗೆ ಹಾಲೂಡಿಸತೊಡಗಿತು. ಎರಡು ದಿನ ಪಂಚಾಂಗದ ಹಾಳೆಗಳಲ್ಲಿ ರಾಯರು ಪರಿಹಾರ ಹುಡುಕಿದರು. ಬೆಕ್ಕಿನ ಪ್ರಸ್ಥಾನದ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ.

ಶುಕ್ರವಾರ ಸಾಮಾನು ಲಾರಿಯಲ್ಲಿ ಹೋಯಿತು. ಪ್ರಸ್ಥಾನವನ್ನು ಇಟ್ಟವರೇ ಹೊರಬೇಕಲ್ಲ! ಆಟೋದಲ್ಲಿ ರಾಯರ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸಂಸಾರ ಸಮೇತ ಚಿಂಗಿ. ಅಮೀರ್‌ಪೇಟೆ ಮುಟ್ಟುವಷ್ಟರಲ್ಲಿ ಬುಟ್ಟಿಯ ತಳ ಸೋರತೊಡಗಿತ್ತು. ಹೊಸ ಮನೆಯ ಹೊಸ್ತಿಲ ಮುಂದೆ, ಒದ್ದೆಯಾದ ಪ್ಯಾಂಟಿನಲ್ಲಿ, ಬುಟ್ಟಿ ಹಿಡಿದು ಸುಮ್ಮನೆ ನಿಂತುಬಿಟ್ಟರು.

ಯಮುನಾಬಾಯಿ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

"ಯಾಕ ನಿಂತ್ರಿ? ಬಲಗಾಲು ಮೊದಲ ಇಡ್ರಿ," ಎಂದಳು.