ಹೊಗೆ ನುಂಗದ ಕಿಟ್ಟಣ್ಣ

ಅರವತ್ತೆರಡನೇ ಇಸವಿಯ ಮಾತು. ಆಗ ಮದ್ರಾಸಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಗಂಡಸರಿಗೆಲ್ಲ ಒಂದೇ ಪಾಡು. ಕೆಲಸ ಇಲ್ಲಿ, ಹೆಂಡತಿ ಮಕ್ಕಳು ಊರಲ್ಲಿ. ತಿಂಗಳಿಗೊಂದು ಕಾಗದ, ವರ್ಷಕ್ಕೊಂದು ರಜೆ. ಹೆಸರಿಗೆ ಸಂಸಾರಸ್ಥರು, ಬಾಳುವುದು ಮಾತ್ರ ಒಂಟಿಯಾಗಿ.

ಕಿಟ್ಟಣ್ಣನೂ ಅಂಥವನೇ. ರಾಯಪುರಂ ಬಂದರಿನ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲಿತ್ತು. ಅಲ್ಲಿ ಅವನು ಮುಖ್ಯ ಅಡುಗೆಯವ. ದಿನಕ್ಕೆ ನಾನೂರು ಐನೂರು ಜನ ಅವನ ಕೈಯ ಸಾಂಬಾರು ಉಂಡು ಹೊಗಳುತ್ತಿದ್ದರು. ಅಷ್ಟು ಜನಕ್ಕೆ ಬೇಯಿಸಿ ಹಾಕಿದವನು ತಾನು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣುತ್ತಿದ್ದ. ಮಲಗುವುದು ಹೋಟೆಲಿನ ಮಹಡಿಯಲ್ಲಿ, ಒಂದು ಚಾಪೆ, ಒಂದು ತಗಡಿನ ಪೆಟ್ಟಿಗೆ.

ಹೆಂಡತಿ ಗುಣವತಿ, ಒಂಬತ್ತು ವರ್ಷದ ಮಗಳು ಸರಸ, ಇಬ್ಬರೂ ಬ್ರಹ್ಮಾವರದ ಹತ್ತಿರ ಗುಣವತಿಯ ಅಣ್ಣನ ಮನೆಯಲ್ಲಿದ್ದರು. ಪ್ರತಿ ಕಾಗದದಲ್ಲೂ ಗುಣವತಿ ಕೇಳುವುದು ಒಂದೇ ಮಾತು: ನಮ್ಮನ್ನು ಯಾವಾಗ ಕರೆಸಿಕೊಳ್ಳುತ್ತೀರಿ? ಎಂಟು ವರ್ಷದಿಂದ ಕಿಟ್ಟಣ್ಣ ಒಂದಲ್ಲ ಒಂದು ನೆಪ ಬರೆಯುತ್ತಲೇ ಬಂದಿದ್ದ. ಒಮ್ಮೆ ಮನೆ ಸಿಗುವುದಿಲ್ಲ ಎಂದು, ಒಮ್ಮೆ ನೀರಿಗೆ ತತ್ವಾರ ಎಂದು, ಮತ್ತೊಮ್ಮೆ ಇಲ್ಲಿಯ ಬಿಸಿಲು ಮಗುವಿಗೆ ತಡೆಯದು ಎಂದು. ಎಲ್ಲ ಬೊಗಳೆ. ಹೋಟೆಲಿನ ಹಿಂದಿನ ಓಣಿಯಲ್ಲೇ ಧಣಿಯ ಎರಡು ಕೋಣೆ ಖಾಲಿ ಬಿದ್ದಿತ್ತು. ಸಂಸಾರ ಕರೆಸಿಕೋ ಎಂದು ಧಣಿಯೇ ಎರಡು ಸಲ ಹೇಳಿದ್ದ.

ನಿಜವಾದ ಕಾರಣ ಕಿಟ್ಟಣ್ಣನಿಗೆ ಮಾತ್ರ ಗೊತ್ತಿತ್ತು. ಅವನು ಕದ್ದುಮುಚ್ಚಿ ಸುರುಟ್ಟು ಸೇದುತ್ತಿದ್ದ. ಹೆಂಡತಿ ಬಂದರೆ ಗುಟ್ಟು ರಟ್ಟಾಗುತ್ತದೆ. ಅವಳು ಬರಬೇಕು ಎಂದು ಜೀವ ಹಂಬಲಿಸುತ್ತಿತ್ತು, ಬಂದುಬಿಟ್ಟರೆ ಏನು ಗತಿ ಎಂದು ಎದೆ ನಡುಗುತ್ತಿತ್ತು.

ಸುರುಟ್ಟು ಅಂದರೆ ಹೊಗೆಸೊಪ್ಪನ್ನೇ ಸುತ್ತಿ ಮಾಡಿದ ಚುಟ್ಟಾ. ಮದ್ರಾಸಿಗೆ ಬಂದ ಹೊಸತರಲ್ಲಿ ಬಂದರಿನ ಕೂಲಿಯವನೊಬ್ಬ ಬೆರಳಿನಷ್ಟು ಸಣ್ಣದೊಂದನ್ನು ಕೊಟ್ಟಿದ್ದ. ಊಟದ ಗದ್ದಲ ಮುಗಿದು ಮೂರು ಗಂಟೆಯ ಹೊತ್ತಿಗೆ ಕೈ ಖಾಲಿಯಾಗುತ್ತದಲ್ಲ, ಊರು ನೆನಪಾಗುವುದು ಆಗಲೇ. ಆ ಹೊತ್ತಿನಲ್ಲಿ ಕಿಟ್ಟಣ್ಣ ಸಮುದ್ರದ ದಂಡೆಗೆ ಹೋಗಿ, ಮೀನುಗಾರರ ದೋಣಿಗಳ ಮರೆಯಲ್ಲಿ ಕೂತು ಸೇದುತ್ತಿದ್ದ. ಮಾತಾಡಲು ಯಾರೂ ಇಲ್ಲದವನಿಗೆ ಕೈಯಲ್ಲಿ ಕೆಂಡ ಒಂದಿದ್ದರೆ ಜೊತೆಗೆ ಯಾರೋ ಇದ್ದ ಹಾಗೆ ಅನ್ನಿಸುತ್ತಿತ್ತು. ಮೊದಲು ದಿನಕ್ಕೆ ಒಂದು ಸಣ್ಣದು ಸಾಕಿತ್ತು. ಬರಬರುತ್ತ ಎರಡಾಯಿತು, ಮೂರಾಯಿತು, ಕೊನೆಗೆ ಹೆಬ್ಬೆರಳಿನ ದಪ್ಪದ್ದೇ ಬೇಕಾಯಿತು. ಆಮೇಲೆ ಲವಂಗ ಅಗಿದು, ಬಾಯಿ ಮುಕ್ಕಳಿಸಿ, ಇಂಗಿನ ಒಗ್ಗರಣೆಯ ಮುಂದೆ ಬಂದು ನಿಂತರೆ ಯಾರ ಮೂಗಿಗೂ ಬಡಿಯುತ್ತಿರಲಿಲ್ಲ.

ಮನಸ್ಸಿಗೆ ಅಳುಕಾದಾಗಲೆಲ್ಲ ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಸಿಗರೇಟು ಸೇದುವವರು ಹೊಗೆಯನ್ನು ಎದೆಯೊಳಗೆ ಎಳೆಯುತ್ತಾರೆ. ನಾನು ನುಂಗುವುದೇ ಇಲ್ಲ, ಬಾಯಲ್ಲಿಟ್ಟು ಹಾಗೇ ಬಿಡುತ್ತೇನೆ. ಒಳಗೆ ಹೋಗದ್ದು ಏನು ತಾನೇ ಮಾಡೀತು? ಈ ಮಾತನ್ನು ಹದಿನೈದು ವರ್ಷ ನಂಬಿಕೊಂಡಿದ್ದ.

ಕಿಟ್ಟಣ್ಣ ಏಕಾದಶಿ ತಪ್ಪಿಸುವವನಲ್ಲ. ಆ ದಿನ ಊರಿಗೆಲ್ಲ ಅಡುಗೆ ಮಾಡಿ ತಾನು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಆದರೆ ಸುರುಟ್ಟು? ಅದು ಅನ್ನವಲ್ಲ, ನೀರಲ್ಲ, ನುಂಗುವುದಂತೂ ಇಲ್ಲ. ಹಾಗಾಗಿ ವ್ರತಕ್ಕೆ ಭಂಗವಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದ. ಯಾವ ಆಚಾರ್ಯರನ್ನೂ ಕೇಳಿರಲಿಲ್ಲ, ಕೇಳುವ ಧೈರ್ಯವಾದರೂ ಎಲ್ಲಿತ್ತು. ಹಸಿವು ಅಡಗುತ್ತದೆ ಎಂದು ಉಪವಾಸದ ದಿನ ಒಂದು ಹೆಚ್ಚಿಗೇ ಸೇದುತ್ತಿದ್ದ.

ಶ್ರಾವಣದ ಒಂದು ಏಕಾದಶಿ. ಹಿಂದಿನ ದಿನವಷ್ಟೇ ಗುಣವತಿಯ ಕಾಗದ ಬಂದಿತ್ತು. ಈ ಸಲ ಅವಳು ಕೇಳಿರಲಿಲ್ಲ, ಹೇಳಿದ್ದಳು. ನವರಾತ್ರಿ ಕಳೆಯುವುದರೊಳಗೆ ನೀವು ಕರೆಸಿಕೊಳ್ಳದಿದ್ದರೆ ಇನ್ನು ನಾನು ಕೇಳುವುದಿಲ್ಲ, ಅಪ್ಪ ಕರೆಸಿಕೊಳ್ಳುತ್ತಾರೆ ಎಂದು ಸರಸಳಿಗೂ ಆಸೆ ಹುಟ್ಟಿಸುವುದಿಲ್ಲ, ಎಂದು ಬರೆದಿದ್ದಳು. ಕಿಟ್ಟಣ್ಣ ಅದನ್ನು ನಾಲ್ಕು ಸಲ ಓದಿ ತಗಡಿನ ಪೆಟ್ಟಿಗೆಯಲ್ಲಿಟ್ಟ. ಏಕಾದಶಿಯ ಮಧ್ಯಾಹ್ನ ದಂಡೆಗೆ ಹೊರಟ. ದಾರಿಯ ಅಂಗಡಿಯಲ್ಲಿ ಅವನ ಮಾಮೂಲಿ ಸುರುಟ್ಟು ಮುಗಿದಿತ್ತು. ಅಂಗಡಿಯವನು ಬೇರೆ ಯಾವುದೋ ಕೊಟ್ಟ. ಬರಿ ಹೊಟ್ಟೆಯಲ್ಲಿ ಎರಡನ್ನು ಒಂದರ ಹಿಂದೆ ಒಂದು ಸೇದಿ ಮುಗಿಸಿದ.

ಹೋಟೆಲಿಗೆ ಬಂದು ಸಾಂಬಾರಿನ ಹಂಡೆಯ ಮುಂದೆ ನಿಂತು ಸೌಟು ಹಿಡಿದ. ಬಾಯಲ್ಲಿ ನೀರೂರಿತು. ಹೊಟ್ಟೆ ತೊಳಸಿತು. ಮೈಯೆಲ್ಲ ತಣ್ಣನೆ ಬೆವೆತು, ಎದೆ ಡವಡವ ಎಂದು, ಕಣ್ಣು ಕತ್ತಲೆ ಬಂತು. ಕೊತಕೊತ ಕುದಿಯುವ ಹಂಡೆಯ ಮೇಲೆ ಮುಗ್ಗರಿಸುವವನಿದ್ದ. ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ಕಾಂತಪ್ಪ ಎದ್ದು ಸೊಂಟದ ಪಂಚೆ ಹಿಡಿದು ಹಿಂದಕ್ಕೆ ಎಳೆದುಕೊಂಡ. ಇಲ್ಲದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಎಲ್ಲರೂ ಉಪವಾಸವನ್ನೇ ದೂರಿದರು. ಇನ್ನು ಮೇಲೆ ಏಕಾದಶಿ ಗೀಕಾದಶಿ ಬೇಡ ಎಂದು ಧಣಿ ಗದರಿದ. ಕಿಟ್ಟಣ್ಣ ಹೂಂ ಎಂದು ತಲೆಯಾಡಿಸಿದ. ದೇವರ ಮೇಲೆ ತಪ್ಪು ಹೊರಿಸಿ ತಾನು ಪಾರಾದೆ ಎಂದುಕೊಂಡ, ನಾಚಿಕೆಯೂ ಆಯಿತು.

ಅದೇ ಹೊತ್ತಿಗೆ ಕಾಫಿಗೆ ಬಂದವರು ಕಮಲಾಕರ ರಾಯರು. ಹತ್ತಿರದ ಸರಕಾರಿ ದವಾಖಾನೆಯಲ್ಲಿ ಕಂಪೌಂಡರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮನೆತನ, ಹಾಗಾಗಿ ಅವರ ಕನ್ನಡದಲ್ಲಿ ತಮಿಳು ಆಗಾಗ ಇಣುಕುತ್ತಿತ್ತು. ರಾಯರು ಕಿಟ್ಟಣ್ಣನ ನಾಡಿ ಹಿಡಿದು ನೋಡಿದರು. ಆಮೇಲೆ ಅವನ ಬಲಗೈಯ ಬೆರಳನ್ನು ತಮ್ಮ ಮೂಗಿನ ಹತ್ತಿರ ತಂದರು. ಎಲ್ಲರ ಮುಂದೆ ಏನೂ ಹೇಳಲಿಲ್ಲ. ನಾಳೆ ಮೂರು ಗಂಟೆಗೆ ದವಾಖಾನೆಗೆ ಬನ್ನಿ ಎಂದು ಹೇಳಿ ಹೋದರು.

ಮಾರನೆಯ ದಿನ ದವಾಖಾನೆಯ ಜಗಲಿಯ ಬೆಂಚಿನ ಮೇಲೆ ಇಬ್ಬರೇ ಕೂತರು. ರಾಯರು ಬಳಸಿ ಮಾತಾಡಲಿಲ್ಲ.

“ದಿನಕ್ಕೆ ಎಷ್ಟು ಸುರುಟ್ಟು ಸೇದ್ತೀರಿ ಭಟ್ಟರೇ?”

ಕಿಟ್ಟಣ್ಣನ ಮುಖ ಸಣ್ಣದಾಯಿತು. “ಮೂರೋ ನಾಲ್ಕೋ. ಆದ್ರೆ ರಾಯರೇ, ನಾನು ಹೊಗೆ ನುಂಗುದಿಲ್ಲ. ಬಾಯಲ್ಲಿಟ್ಟು ಬಿಡುದು ಅಷ್ಟೆ. ಅದು ಎಂತ ಮಾಡ್ತದೆ?”

“ಎಲೆಅಡಿಕೆಗೆ ಹೊಗೆಸೊಪ್ಪು ಹಾಕ್ಕೊಳ್ಳೋರು ರಸ ನುಂಗ್ತಾರಾ? ಉಗುಳ್ತಾರೆ. ಆದ್ರೂ ಮೊದಲ ಸಲ ಹಾಕ್ಕೊಂಡವನಿಗೆ ತಲೆ ತಿರುಗುತ್ತೆ ಅಲ್ವಾ? ಯಾಕೆ?”

ಇದನ್ನು ಕಿಟ್ಟಣ್ಣ ಯಾವತ್ತೂ ಯೋಚಿಸಿರಲಿಲ್ಲ. ರಾಯರು ಬಿಡಿಸಿ ಹೇಳಿದರು. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷವಿದೆ. ಸುರುಟ್ಟಿನ ಹೊಗೆಯನ್ನು ನುಂಗಬೇಕೆಂದೇ ಇಲ್ಲ. ಬಾಯಲ್ಲಿಟ್ಟುಕೊಂಡರೂ ಸಾಕು, ಕೆನ್ನೆಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಇಳಿಯುತ್ತದೆ. ಒಂದು ದಪ್ಪ ಸುರುಟ್ಟಿನಲ್ಲಿ ನಾಲ್ಕೈದು ಸಿಗರೇಟಿನಷ್ಟು, ಕೆಲವದರಲ್ಲಿ ಇನ್ನೂ ಹೆಚ್ಚು ಹೊಗೆಸೊಪ್ಪು ಇರುತ್ತದೆ. ಒಂದರ ಹಾಗೆ ಇನ್ನೊಂದು ಇರುವುದೂ ಇಲ್ಲ. ಗಿಡದ ಮೇಲಿನ ಎಲೆಯಾದರೆ ಖಾರ, ಅಂದರೆ ನಿಕೋಟಿನ್, ಜಾಸ್ತಿ, ಬುಡದ್ದಾದರೆ ಕಡಿಮೆ. ಹೊರಗಿನ ಬಣ್ಣ ನೋಡಿ ಯಾರೂ ಹೇಳಲಾರರು. ನಿನ್ನೆ ಅಂಗಡಿಯವನು ಬೇರೆ ಯಾವುದೋ ಕೊಟ್ಟಿದ್ದ ಎಂದು ಕಿಟ್ಟಣ್ಣ ಹೇಳಿದಾಗ, ಅದು ಮಾಮೂಲಿಗಿಂತ ಖಾರದ್ದಿರಬೇಕು, ಹೊಟ್ಟೆಯೂ ಖಾಲಿ, ಅದಕ್ಕೇ ಅಷ್ಟು ಬೇಗ ತಲೆಗೇರಿತು ಎಂದರು.

“ನಿಮ್ಮೂರಲ್ಲಿ ಬದನೆ ಗಿಡಕ್ಕೆ ಹುಳ ಹತ್ತಿದ್ರೆ ಏನು ಹಾಕ್ತಾರೆ?” ಎಂದು ಕೇಳಿದರು ರಾಯರು.

“ಹೊಗೆಸೊಪ್ಪು ಕುದಿಸಿದ ನೀರು.”

“ಹುಳಗಳು ಸಾಯ್ತಾವಾ?”

“ಸಾಯ್ತವೆ,” ಎಂದ ಕಿಟ್ಟಣ್ಣ.

ರಾಯರು ಅವನ ಬಾಯಿ ತೆರೆಸಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಎಡಗೆನ್ನೆಯ ಒಳಗೆ ಉಗುರಿನಷ್ಟು ಅಗಲದ ಒಂದು ಬಿಳಿ ಕಲೆ ಇತ್ತು. ಇದನ್ನು ಡಾಕ್ಟರರಿಗೆ ತೋರಿಸಲೇಬೇಕು, ಇಂಥ ಕಲೆಯನ್ನು ಹಾಗೇ ಬಿಟ್ಟರೆ ಮುಂದೆ ಹುಣ್ಣಾಗಿ ಕೆಲವರ ಜೀವಕ್ಕೇ ಬರುತ್ತದೆ ಎಂದರು. ಕಿಟ್ಟಣ್ಣನಿಗೆ ಅಳು ಬಂತು. ತನಗೇನಾದರೂ ಆದರೆ ಇಲ್ಲಿ ಬಾಯಿಗೆ ನೀರು ಬಿಡುವವರೂ ಇಲ್ಲವಲ್ಲ ಎಂದು ಅನ್ನಿಸಿತು. ಅಷ್ಟು ವರ್ಷ ಯಾರಿಗೂ ಹೇಳದ್ದು ಆಗ ತಾನಾಗಿ ಹೊರಗೆ ಬಂತು.

“ಊರಿಗೆ ಹೋದ್ರೆ ನನಗೆ ಮೂರು ದಿನ ಕಳೀಲಿಕ್ಕೆ ಆಗುದಿಲ್ಲ ರಾಯರೇ. ತಲೆ ಸಿಡೀತದೆ. ಹೆಂಡತಿ ಮಾತಾಡಿದ್ರೂ ಸಿಟ್ಟು, ಮಗು ನಕ್ಕರೂ ಸಿಟ್ಟು. ಹೋಟೆಲಿಂದ ತಂತಿ ಬಂತು ಅಂತ ಸುಳ್ಳು ಹೇಳಿ ಐದನೇ ದಿನಕ್ಕೆ ಬಂದುಬಿಡ್ತೇನೆ. ನಾನು ಸಂಸಾರಕ್ಕೆ ಆಗುವ ಮನುಷ್ಯನೇ ಅಲ್ಲ.”

“ಊರಲ್ಲಿ ಸುರುಟ್ಟು ಸೇದ್ತೀರಾ?”

“ಛೆ, ಅಲ್ಲಿ ಹೇಗೆ ಸೇದುದು?”

“ಹಾಗಾದ್ರೆ ಅದು ನಿಮ್ಮ ಸ್ವಭಾವ ಅಲ್ಲ ಭಟ್ಟರೇ. ನಿಕೋಟಿನ್ ಸಿಗಲಿಲ್ಲ ಅಂತ ಮೈ ಮಾಡೋ ರಗಳೆ ಅದು. ಹತ್ತು ಹದಿನೈದು ದಿನ ತಡ್ಕೊಂಡಿದ್ರೆ ತಾನಾಗಿ ಇಳೀತಿತ್ತು. ನೀವು ಐದನೇ ದಿನಕ್ಕೆ ಓಡಿಬಂದಿರಿ.”

ಮನೆಯವರ ಮೇಲೆ ತನಗೆ ಪ್ರೀತಿಯೇ ಬತ್ತಿಹೋಗಿದೆ ಎಂದು ಕಿಟ್ಟಣ್ಣ ಎಂಟು ವರ್ಷ ಕೊರಗಿದ್ದ. ಒಂಟಿತನ ತಾಳದೆ ಸುರುಟ್ಟು ಹಿಡಿದಿದ್ದ. ಆ ಸುರುಟ್ಟೇ ಅವನನ್ನು ಒಂಟಿಯಾಗಿ ಇಟ್ಟಿತ್ತು.

“ಪೋಗಟ್ಟುಂ, ಹೋದದ್ದು ಹೋಯ್ತು,” ಎಂದರು ರಾಯರು. “ಇನ್ನು ಮೂರು ಗಂಟೆಗೆ ದಂಡೆಗೆ ಹೋಗಬೇಡಿ. ಇಲ್ಲಿಗೆ ಬನ್ನಿ. ಇಬ್ಬರೂ ಕೂತು ಮಾತಾಡೋಣ.”

ದೊಡ್ಡಾಸ್ಪತ್ರೆಯ ಡಾಕ್ಟರು ಕಲೆಯನ್ನು ನೋಡಿ, ಸುರುಟ್ಟು ಬಿಟ್ಟರೆ ಇದು ಮಾಯಬಹುದು, ಎರಡು ತಿಂಗಳಿಗೊಮ್ಮೆ ಬಂದು ತೋರಿಸು ಎಂದರು. ಕಿಟ್ಟಣ್ಣ ಬಿಟ್ಟ. ಬಿಡುವುದು ಸುಲಭವಾಗಿತ್ತು ಎಂದು ನಾನು ಹೇಳುವುದಿಲ್ಲ. ತಲೆನೋವು, ಕೈನಡುಕ, ಕಾಂತಪ್ಪನ ಮೇಲೆ ಕಾರಣವಿಲ್ಲದೆ ಹಾರಾಟ. ಆರನೇ ದಿನ ಸೋತು ಅರ್ಧ ಸುರುಟ್ಟು ಸೇದಿದ. ಓಡಿಹೋಗಿ ರಾಯರ ಮುಂದೆ ಒಪ್ಪಿಕೊಂಡ. ರಾಯರು ಬೈಯಲಿಲ್ಲ, ನಾಳೆಯಿಂದ ಮತ್ತೆ ಒಂದು ಎಂದು ಎಣಿಸಿ ಎಂದರು. ಹಾಗೆ ಎರಡನೆಯ ಸಲ ಎಣಿಸಿ ಇಪ್ಪತ್ತೊಂದು ದಿನ ದಾಟಿದ ಮೇಲೆ ಒಂದು ಮಧ್ಯಾಹ್ನ ಅವನು ಪೆನ್ನು ಹಿಡಿದ.

ಗುಣವತಿಗೆ ಈ ಸಲ ನೆಪ ಬರೆಯಲಿಲ್ಲ. ಸುರುಟ್ಟಿನ ವಿಷಯ ಬರೆದ. ನಡುವೆ ಒಂದು ದಿನ ಸೋತದ್ದನ್ನೂ ಬರೆದ. ಓಣಿಯ ಎರಡು ಕೋಣೆ ಕೇಳಿಟ್ಟಿದ್ದೇನೆ, ಇಷ್ಟು ತಿಳಿದ ಮೇಲೂ ಬರುವ ಮನಸ್ಸಿದ್ದರೆ ಬನ್ನಿ, ಇಲ್ಲದಿದ್ದರೆ ನಿನ್ನನ್ನು ದೂರುವುದಿಲ್ಲ ಎಂದು ಬರೆದು ಅಂಚೆಗೆ ಹಾಕಿದ. ಉತ್ತರ ಬರುವವರೆಗಿನ ಒಂಬತ್ತು ದಿನ ಅವನಿಗೆ ಅನ್ನ ರುಚಿಸಲಿಲ್ಲ.

ಉತ್ತರ ಬಂತು. ನಾಲ್ಕೇ ಸಾಲು.

“ನೀವು ಊರಿಗೆ ಬಂದಾಗಲೆಲ್ಲ ನಿಮ್ಮ ಅಂಗಿ ಒಗೆದವಳು ನಾನು. ಸುರುಟ್ಟಿನ ವಾಸನೆ ನನಗೆ ಮೊದಲ ವರ್ಷವೇ ಗೊತ್ತಿತ್ತು. ನೀವಾಗಿ ಹೇಳುತ್ತೀರಿ ಎಂದು ಕಾದೆ. ಬರುವ ಸೋಮವಾರ ಅಣ್ಣ ನಮ್ಮನ್ನು ಮಂಗಳೂರಿನಲ್ಲಿ ರೈಲು ಹತ್ತಿಸುತ್ತಾನೆ.”

ಕಿಟ್ಟಣ್ಣ ಕಾಗದ ಹಿಡಿದು ಹಂಡೆಗಳ ನಡುವೆ ಕೂತುಬಿಟ್ಟ. ಯಾರಿಗೆ ಹೆದರಿ ಎಂಟು ವರ್ಷ ಬಚ್ಚಿಟ್ಟಿದ್ದನೋ ಅವಳಿಗೆ ಎಲ್ಲ ಗೊತ್ತಿತ್ತು. ಅವರು ಬಂದಿಳಿದ ದಿನ ರೈಲು ನಿಲ್ದಾಣದಲ್ಲಿ ಸರಸ ಅವನನ್ನು ಕಂಡು ಅಮ್ಮನ ಸೆರಗಿನ ಹಿಂದೆ ಸರಿದಳು. ಅಪ್ಪನ ಹತ್ತಿರ ಬಂದು ಕೂತು ಮಾತಾಡಲು ಅವಳಿಗೆ ಮುಂದಿನ ಯುಗಾದಿಯವರೆಗೆ ಬೇಕಾಯಿತು. ಕೆನ್ನೆಯ ಕಲೆ ಅಷ್ಟು ಹೊತ್ತಿಗೆ ಮಾಸಿತ್ತು. ಆದರೆ ಮಗಳ ಎಂಟು ವರ್ಷ ಅವನಿಗೆ ವಾಪಸು ಬರಲಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ನೀವು ಸೇದುವುದು ಚುಟ್ಟಾ ಇರಲಿ, ಬೀಡಿ ಇರಲಿ, ನಾನು ಹೊಗೆ ನುಂಗುವುದಿಲ್ಲ, ನನ್ನದು ಖಾರದ್ದಲ್ಲ, ದಿನಕ್ಕೆ ಒಂದೇ ಎಂದು ನಿಮಗೆ ನೀವೇ ಹೇಳಿಕೊಳ್ಳಬೇಡಿ. ನಿಕೋಟಿನ್ ನಿಮ್ಮ ಸಬೂಬು ಕೇಳುವುದಿಲ್ಲ. ಇವತ್ತೇ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿ. ಬಿಳಿ ಕಲೆ, ಕೆಂಪು ಕಲೆ, ಮಾಯದ ಹುಣ್ಣು ಕಂಡರೆ ಆಸ್ಪತ್ರೆಗೆ ಹೋಗಿ. ಬಿಡುವಾಗ ಒಬ್ಬರೇ ಬಿಡಬೇಡಿ, ಯಾರನ್ನಾದರೂ ಜೊತೆಗಿಟ್ಟುಕೊಳ್ಳಿ. ಒಂದು ದಿನ ಸೋತರೆ ಮಾರನೆಯ ದಿನ ಮತ್ತೆ ಶುರುಮಾಡಿ. ಮನೆಯವರಿಗೆ ಹೇಗೆ ಹೇಳುವುದು ಎಂದು ಹೆದರುತ್ತಿದ್ದೀರಾ? ಅವರಿಗೆ ಗೊತ್ತಿದೆ. ನೀವಾಗಿ ಹೇಳುತ್ತೀರಿ ಎಂದು ಕಾಯುತ್ತಿದ್ದಾರೆ.