ಒಪ್ಪವಾಗಿ ಕತ್ತರಿಸಿದ ಹುಲ್ಲು

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವನನ್ನು ಹಕ್ಕಿಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ: ಜೀಪಿನಲ್ಲಿ ರನ್‌ವೇ ಸುತ್ತುವುದು, ಪಟಾಕಿ ಹಾರಿಸಿ ಹಕ್ಕಿಗಳನ್ನು ಓಡಿಸುವುದು. ಎಂಜಿನ್ನಿಗೆ ಸಿಕ್ಕರೆ ಹಕ್ಕಿಯ ಕಥೆ ಮುಗಿದಂತೆಯೇ, ವಿಮಾನದ್ದೂ ಮುಗಿಯಬಹುದು. ಹಾಗೆಂದು ಅವನಿಗೆ ಅವುಗಳ ಮೇಲೆ ಸಿಟ್ಟೇನೂ ಇರಲಿಲ್ಲ. "ಹೋಗ್ರೋ, ಬೇರೆ ಕಡೆ ಹೊಟ್ಟೆ ತುಂಬಿಸ್ಕೊಳ್ಳಿ" ಎಂದು ಮಕ್ಕಳನ್ನು ಗದರುವ ದನಿಯಲ್ಲೇ ಗದರುತ್ತಿದ್ದ.

ಅಂದು ಬೆಳಿಗ್ಗೆ ಅವನ ಕಾಲು ನೆಲದ ಮೇಲಿರಲಿಲ್ಲ. ಹೊಸದಾಗಿ ಪೈಲಟ್ ಆದ ಮಗಳು ಮೊದಲ ಸಲ ತನ್ನೂರಿನಲ್ಲೇ ವಿಮಾನ ಇಳಿಸುವವಳಿದ್ದಳು. ಹೆಂಡತಿ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಗಾಜಿನ ಗೋಡೆಯ ಹಿಂದೆ ನಿಂತಿದ್ದಳು.

ಇನ್ನು ಹೆಂಡತಿಯ ತಮ್ಮ. ಅದೇ ನಿಲ್ದಾಣದಲ್ಲಿ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸಲು ಸೇರಿ ತಿಂಗಳಾಗಿತ್ತು, ಅಷ್ಟೆ. ಪುಣ್ಯಾತ್ಮ ಬೆಳಕು ಹರಿಯುವಷ್ಟರಲ್ಲಿ ರನ್‌ವೇ ಬದಿಯ ಹುಲ್ಲನ್ನೆಲ್ಲ ಬುಡಮಟ್ಟ ಬೋಳಿಸಿಬಿಟ್ಟಿದ್ದ.

"ಹೇಗಿದೆ ಭಾವ? ಮಗು ಬರ್ತಾಳಲ್ಲ, ಮೇಲಿಂದ ಒಪ್ಪವಾಗಿ ಕಾಣ್ಲಿ ಅಂತ."

ಹಕ್ಕಿಯಣ್ಣ ಜೀಪಿನಿಂದ ಕೆಳಗೆ ಹಾರಿದ. ಅಲ್ಲಿ ಹುಲ್ಲನ್ನು ಗೇಣುದ್ದ ಬಿಡಬೇಕೆಂಬುದೇ ನಿಯಮ. ಉದ್ದ ಹುಲ್ಲಿನಲ್ಲಿ ಹಕ್ಕಿಗಳಿಗೆ ಹುಳ ಕಾಣುವುದಿಲ್ಲ. ಬೋಳು ನೆಲವೆಂದರೆ ಅವುಗಳನ್ನು ಊಟಕ್ಕೆ ಕರೆದಂತೆ.

"ಅಯ್ಯೋ ಮಾರಾಯ, ಎಂಥಾ ಕೆಲ್ಸ ಮಾಡಿಟ್ಟೆ!"

ಆಗಲೇ ಬೆಳ್ಳಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಪಟಾಕಿ ಹಾರಿಸಿದ. ಎದ್ದವು, ಒಂದು ಸುತ್ತು ಹೊಡೆದು ನೇರ ರನ್‌ವೇ ಮೇಲೆಯೇ ಬಂದು ಕೂತವು. ದೂರದಲ್ಲಿ ವಿಮಾನದ ದೀಪ ಕಂಡಿತು.

ಸುಮ್ಮನಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಬಹುಶಃ ಎಂಬುದನ್ನು ನೆಚ್ಚಿ ಕೆಲಸ ಮಾಡಿದವನಲ್ಲ ಅವನು. ತಡೆದರೋ, ಮಗಳ ಮೊದಲ ದಿನವನ್ನು ಊರವರೆದುರು ಅಪ್ಪನೇ ಕೆಡಿಸಿದಂತೆ. ಟವರಿಗೂ ವಿಮಾನಕ್ಕೂ ಒಟ್ಟಿಗೇ ಕೇಳಿಸುವ ರೇಡಿಯೋ ಕೈಗೆತ್ತಿಕೊಂಡ. ಜೀಪಿನ ಸಂಖ್ಯೆ, ಜಾಗ, ಹಕ್ಕಿಗಳೆಷ್ಟು ಎಂದು ಟವರಿಗೆ ವರದಿ ಒಪ್ಪಿಸಬೇಕಿತ್ತು. ಎಲ್ಲ ಮರೆತುಹೋಯಿತು.

"ಬೇಡ ಮಗಳೇ! ಮೇಲೆತ್ತು!"

ಎಂಜಿನ್ ಮೊರೆಯಿತು. ವಿಮಾನ ಅವನ ತಲೆಯ ಮೇಲಿಂದಲೇ ಮತ್ತೆ ಆಕಾಶಕ್ಕೇರಿತು.

ಹಕ್ಕಿಗಳನ್ನು ಓಡಿಸಲು ಕಾಲು ಗಂಟೆ ಹಿಡಿಯಿತು. ಭಾವಮೈದ ಅಂಗಿ ಬಿಚ್ಚಿ ಬೀಸುತ್ತ, ಅಳುತ್ತ ಓಡಾಡಿದ. ಆಮೇಲೆ ವಿಮಾನ ಹಗುರಾಗಿ ಇಳಿಯಿತು.

ಅಧಿಕಾರಿ ಕಚೇರಿಗೆ ಕರೆಸಿ, ರೇಡಿಯೋದಲ್ಲಿ ಮನೆಮಾತು ಆಡಿದ್ದಕ್ಕೆ ಲಿಖಿತ ವಿವರಣೆ ಕೇಳಿದ. ಹಕ್ಕಿಯಣ್ಣ ತಲೆಯಾಡಿಸಿದ. ಬಾಗಿಲಲ್ಲಿ ಮಗಳು ಬಂದು ನಿಂತಾಗ ಮಾತ್ರ ತಲೆ ಎತ್ತಲಾಗಲಿಲ್ಲ.

"ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೆದುಬಿಟ್ಟೆ ಕಣೆ."

"ಟವರ್‌ನವ್ರು ಹೇಳೋಕೆ ಮುಂಚೆ, ಪಕ್ಕದಲ್ಲಿದ್ದ ಕ್ಯಾಪ್ಟನ್ ಹೇಳೋಕೆ ಮುಂಚೆನೇ ಎತ್ತಿಬಿಟ್ಟಿದ್ದೆ ಅಪ್ಪ" ಎಂದಳು ಮಗಳು. "ಏನು ಕಾಣಿಸ್ತು ಅಂತ ಕ್ಯಾಪ್ಟನ್ ಕೇಳಿದ್ರು. ಏನೂ ಇಲ್ಲ, ಆದ್ರೆ ನಮ್ಮಪ್ಪ ಸುಮ್ಸುಮ್ನೆ ಕೂಗೋರಲ್ಲ ಅಂದೆ."

ಅಧಿಕಾರಿ ಎದುರಿಗಿದ್ದಾನೆಂಬುದನ್ನೂ ಲೆಕ್ಕಿಸದೆ ಹಕ್ಕಿಯಣ್ಣ ಅತ್ತುಬಿಟ್ಟ.