ಅಪ್ಪಯ್ಯನ ದರ್ಭೆ, ನನ್ನ ಟ್ರಾನ್ಸಿಸ್ಟರ್

ನಾಲ್ಕು ವರ್ಷದಿಂದ ಕುಂದಾಪುರ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಟ್ರಾನ್ಸಿಸ್ಟರಿನ ಸ್ಥಿರ ಕರೆಂಟ್ ಸರ್ಕ್ಯೂಟನ್ನು ಅರ್ಥವಾಗದೆಯೇ ಪಾಠ ಮಾಡುತ್ತಿದ್ದೆ. ಚಿತ್ರ ಬರೆದು, ಸೂತ್ರ ಬರೆದು, ಯಾರಾದರೂ ಕೈ ಎತ್ತುವ ಮೊದಲೇ ಬೋರ್ಡು ಒರೆಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಂದು ಗುರುವಾರ ಮಾತ್ರ ಡಸ್ಟರ್ ಕೈಗೆ ಸಿಗುವುದು ತಡವಾಯಿತು. ಶಿರೂರಿನಿಂದ ಬರುವ ಅಕ್ಷಿತಾ ಎದ್ದು ನಿಂತಳು.

“ಸಾರ್, ಒಂದ್ ಎಲ್‌ಇಡಿ ಹಾಕಿರೂ ಅಷ್ಟೇ ಕರೆಂಟ್, ಮೂರ್ ಹಾಕಿರೂ ಅಷ್ಟೇ. ಎಷ್ಟ್ ಎಲ್‌ಇಡಿ ಇತ್ತ್ ಅಂದೇಳಿ ಟ್ರಾನ್ಸಿಸ್ಟರಿಗೆ ಹ್ಯಾಂಗ್ ಗೊತ್ತಾತ್ತ್?”

“ನಾಳೆ ಹೇಳ್ತೇನೆ” ಎಂದೆ. ಪುಸ್ತಕ ತಿರುವಿದರೆ ಎಲ್ಲದರಲ್ಲೂ ಅದೇ ಸೂತ್ರ. ಬಣ್ಣ ಬಯಲಾಗುವ ಹೆದರಿಕೆಗೆ ರಜೆ ಹಾಕುವ ಯೋಚನೆಯನ್ನೂ ಮಾಡಿದೆ.

ಮರುದಿನ ಬೆಳಿಗ್ಗೆ ಸಾಲಿಗ್ರಾಮದ ಹತ್ತಿರದ ನಮ್ಮೂರ ಈಶ್ವರ ದೇವಸ್ಥಾನದಲ್ಲಿ ಅಪ್ಪಯ್ಯ ರುದ್ರಾಭಿಷೇಕಕ್ಕೆ ಕುಳಿತಿದ್ದರು. ಮಡಿಯಲ್ಲಿ ನೀರು ತಂದು ಹಾಕುವುದು ನನ್ನ ಕೆಲಸ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಗೆ ಸ್ವಲ್ಪ ಸ್ವಲ್ಪವೇ ಹಾಕಬೇಕಾದ ನೀರನ್ನು ತಲೆಬಿಸಿಯಲ್ಲಿ ಒಮ್ಮೆಲೇ ಕೊಡದಷ್ಟೂ ಸುರಿದೆ. ಲಿಂಗದ ಮೇಲೆ ನೀರು ದಪ್ಪಗೆ ಬೀಳತೊಡಗಿತು. ಅಪ್ಪಯ್ಯ ಮಂತ್ರ ನಿಲ್ಲಿಸಲಿಲ್ಲ. ಪಾತ್ರೆಯ ಅಡಿಯ ತೂತಿಗೆ ಸಿಕ್ಕಿಸಿದ್ದ ದರ್ಭೆಯನ್ನು ಬೆರಳ ತುದಿಯಲ್ಲಿ ಬಿಗಿ ಮಾಡಿದರು. ಧಾರೆ ಮೊದಲಿನಷ್ಟೇ ಆಯಿತು.

ಪೂಜೆ ಮುಗಿದ ಮೇಲೆ ಕೇಳಿದೆ. “ಪಾತ್ರೆ ತುಂಬ್‌ಹೋಯ್ತ್, ನೀವ್ ಮೇಲ್ ಕಾಣ್ಲೇ ಇಲ್ಲ?”

“ಪಾತ್ರೆ ಎಂತಕ್ ಕಾಣ್ಕ್ ಮಾಣಿ? ಧಾರೆ ಕಂಡ್ರೆ ಸಾಕ್. ದಪ್ಪ ಆರೆ ಬಿಗಿ ಮಾಡುದ್, ಸಪೂರ ಆರೆ ಸಡ್ಲ ಮಾಡುದ್.”

ಖಾಲಿ ಕೊಡ ಹಿಡಿದು ಅಲ್ಲೇ ನಿಂತೆ. ಎಲ್‌ಇಡಿ ಎಷ್ಟಿದ್ದರೆ ಟ್ರಾನ್ಸಿಸ್ಟರಿಗೇನು? ಅದು ತನ್ನ ಮೂಲಕ ಹರಿಯುವ ಕರೆಂಟನ್ನು ಮಾತ್ರ ನೋಡುತ್ತದೆ. ಅದರ ಬೇಸ್ ಎಂಬ ಕಾಲಿನ ವೋಲ್ಟೇಜು ಒಂದೇ ಕಡೆ ನಿಂತಿದೆ. ಕರೆಂಟು ಚೂರು ಹೆಚ್ಚಾದರೆ ಎಮಿಟರ್ ಎಂಬ ಇನ್ನೊಂದು ಕಾಲಿನ ರೆಸಿಸ್ಟರಿನಲ್ಲಿ ವೋಲ್ಟೇಜು ಏರುತ್ತದೆ, ಬೇಸಿಗೂ ಎಮಿಟರಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ, ಟ್ರಾನ್ಸಿಸ್ಟರ್ ದರ್ಭೆಯಂತೆ ತಾನೇ ಬಿಗಿಯಾಗುತ್ತದೆ. ಅಬ್ಬ, ಇಷ್ಟೇ. ಎದೆ ಹಗುರಾಯಿತು, ಒಬ್ಬನೇ ನಕ್ಕೆ.

ತರಗತಿಯಲ್ಲಿ ದರ್ಭೆಯ ಕಥೆಯನ್ನೇ ಹೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಜಾಣ ಮೇಷ್ಟ್ರು ಎನಿಸಿಕೊಳ್ಳುತ್ತಿದ್ದೆ. ನಾಲಿಗೆ ಕೇಳಲಿಲ್ಲ.

“ಇದು ಇವತ್ತು ಬೆಳಿಗ್ಗೆವರೆಗೆ ನನಗೂ ಗೊತ್ತಿರ್ಲಿಲ್ಲ” ಎಂದೆ.

ಯಾರೂ ನಗಲಿಲ್ಲ. ಅಕ್ಷಿತಾ ನನ್ನನ್ನೇ ನೋಡುತ್ತಿದ್ದಳು.

“ನಂಗೊಬ್ಳಿಗೇ ಅರ್ಥ ಆಪುದಿಲ್ಲ ಅಂದ್ಕಂಡ್ ಸಾರ್, ಸೋಮವಾರದಿಂದ ಕಾಲೇಜೇ ಬಿಡ್ವ ಅಂದೇಳಿ ಇದ್ದಿದ್ದೆ” ಎಂದಳು. “ಇನ್ ಬಿಡುದಿಲ್ಲ.”

ಬೆಲ್ ಆಯಿತು. ಆ ದಿನ ಬೋರ್ಡು ಒರೆಸದೆ ಹೊರಗೆ ಬಂದೆ.